ಬಂಗಾರದ ಕಥೆ ಸಾಕು, ಕಲ್ಲಿನ ಪಾಠ ಬೇಕು

ಕೆಜಿಎಫ್ ಅಂದ ತಕ್ಷಣ ಈಗ ಎಲ್ಲರ ಬಾಯಲ್ಲೂ ಸಿನಿಮಾ. 2018ರಲ್ಲಿ ಮೊದಲ ಭಾಗ, 2022ರಲ್ಲಿ ಎರಡನೇ ಭಾಗ ಬಂದು ಹೋದ ಮೇಲಂತೂ, ನಮ್ಮೂರು ಬಂಗಾರಪೇಟೆ ಅಂತ ಆಫೀಸಿನಲ್ಲಿ ಯಾರಿಗಾದರೂ ಹೇಳಿದರೆ ಬರೋದು ಎರಡೇ ಪ್ರಶ್ನೆ. "ರಾಕಿ ಭಾಯ್ ಊರು ಪಕ್ಕಾನಾ?" ಅನ್ನೋದು ಒಂದು. "ನಿಮ್ಮ ಮನೆ ಹಿತ್ತಲಲ್ಲಿ ಅಗೆದರೆ ಚಿನ್ನ ಸಿಗುತ್ತಾ?" ಅನ್ನೋದು ಇನ್ನೊಂದು. ಪಾನಿಪುರಿ ಬಗ್ಗೆ ಮೂರನೇ ಪ್ರಶ್ನೆಯೂ ಇದೆ, ಆದರೆ ಅದಕ್ಕೆ ಬೇರೆಯದೇ ಬರಹ ಬೇಕಾಗುತ್ತೆ, ಇರಲಿ ಬಿಡಿ :-)

ಹಿತ್ತಲಲ್ಲಿ ಅಗೆದರೆ ಚಿನ್ನ ಸಿಗಲ್ಲ ಸ್ವಾಮೀ, ಕಲ್ಲು ಸಿಗುತ್ತೆ. ಬಂಗಾರಪೇಟೆ ಅನ್ನೋ ಹೆಸರಲ್ಲೂ ಬಂಗಾರ ಇಲ್ಲ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬನ ಹೆಸರಿನ ಬೌರಿಂಗ್‌ಪೇಟೆ ಇದು, ಆಮೇಲೆ ಬಂಗಾರಪೇಟೆ ಆಯಿತು. ಇನ್ನು ಗಣಿಯೊಳಗೆ? ಗಣಿ ಭರ್ಜರಿಯಾಗಿ ನಡೀತಿದ್ದ ಕಾಲದಲ್ಲೂ ಅಲ್ಲಿಂದ ಮೇಲೆ ಬರ್ತಿದ್ದದ್ದು ಕಲ್ಲೇ. ಜಾನ್ ಟೇಲರ್ ಕಂಪನಿ 1880ರಲ್ಲಿ ಕಾಲಿಟ್ಟಾಗಿಂದ 2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕುವವರೆಗೆ, ಸುಮಾರು 120 ವರ್ಷಗಳಲ್ಲಿ, ಇಲ್ಲಿಂದ ಹೋದ ಚಿನ್ನ 800 ಟನ್ನಿಗಿಂತ ಸ್ವಲ್ಪ ಹೆಚ್ಚು. ಅಷ್ಟು ಚಿನ್ನಕ್ಕೆ ಒಡೆದು ಪುಡಿ ಮಾಡಿದ ಕಲ್ಲು ಸುಮಾರು 5 ಕೋಟಿ ಟನ್. ಅಂದರೆ ನಮ್ಮ ಕಡೆಯ ಕಥೆ ನಿಜವಾಗಿ ಕಲ್ಲಿನ ಕಥೆ. ಚಿನ್ನ ಅದರಲ್ಲಿ ಒಂದು ಅಡಿಟಿಪ್ಪಣಿ.

ಈ ಕಲ್ಲನ್ನು ಇಲ್ಲಿನ ಮಕ್ಕಳಿಗೆ ನಾವು ಹೇಗೆ ಪರಿಚಯ ಮಾಡಿಸ್ತೀವಿ ಅನ್ನೋದರ ಬಗ್ಗೆ ನನ್ನದೊಂದು ತಕರಾರಿದೆ. ಇವತ್ತು ಅದನ್ನೇ ಬರೆಯೋಣ ಅಂತ ಕೂತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಗೊಂಡು ಕೂತ್ಕೊಳ್ಳಿ.

ನಮ್ಮ ಶಾಲೆಗಳಲ್ಲಿ ಕಲ್ಲು ಅಂದರೆ ಮೂರು ಹೆಸರು: ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ. ಪ್ರತಿಯೊಂದಕ್ಕೂ ಎರಡೆರಡು ಉದಾಹರಣೆ. "ಶಿಲೆಗಳ ವಿಧಗಳನ್ನು ಬರೆಯಿರಿ" ಅಂತ ಮೂರು ಅಂಕದ ಪ್ರಶ್ನೆ. ನಾನೂ ಬರೆದಿದ್ದೀನಿ, ನೀವೂ ಬರೆದಿರ್ತೀರಿ. ಬರೆದು ಮೂರಕ್ಕೆ ಮೂರು ತಗೊಂಡು ಶಾಲೆಯಿಂದ ಹೊರಗೆ ಬಂದು ಗೇಟಿನ ಪಕ್ಕದ ಬಂಡೆ ಮೇಲೆ ಕೂತು ಐಸ್‌ಕ್ಯಾಂಡಿ ತಿಂದಿರ್ತೀರಿ. ಆ ಬಂಡೆ ಆ ಮೂರರಲ್ಲಿ ಯಾವುದು ಅಂತ ಯಾರೂ ಕೇಳಲಿಲ್ಲ, ನಮಗೂ ಹೊಳೀಲಿಲ್ಲ. ಪುಸ್ತಕದ ಶಿಲೆ ಬೇರೆ, ಗೇಟಿನ ಕಲ್ಲು ಬೇರೆ. ಒಂದು ಸಂಸ್ಕೃತ, ಇನ್ನೊಂದು ಕನ್ನಡ!

ಬೇರೆ ಊರಲ್ಲಾದರೆ ಹೋಗಲಿ ಅನ್ನಬಹುದು. ಆದರೆ ಕೋಲಾರದ ಈ ಪಟ್ಟಿ ಇದೆಯಲ್ಲ, ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದ, ಕೆಲವೇ ಕಿಲೋಮೀಟರ್ ಅಗಲ, ಇದನ್ನು ಓದೋಕೆ ಪ್ರಪಂಚದ ಭೂವಿಜ್ಞಾನಿಗಳು ಹುಡುಕಿಕೊಂಡು ಬರ್ತಾರೆ. ಸುಮಾರು 270 ಕೋಟಿ ವರ್ಷದ ಹಿಂದೆ ಉಕ್ಕಿದ ಲಾವಾ, ನೆಲದೊಳಗಿನ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ರೂಪ ಬದಲಾಯಿಸಿಕೊಂಡು ಕಪ್ಪು ಕಲ್ಲಾಗಿದೆ. ಅದರ ಬಿರುಕುಗಳಲ್ಲಿ ಬಿಸಿನೀರು ಹರಿದು ಬಿಳಿ ಬೆಣಚುಕಲ್ಲಿನ ಪಟ್ಟೆಗಳು ಕೂತಿವೆ. ಚಿನ್ನ ಇದ್ದದ್ದು ಆ ಬಿಳಿ ಪಟ್ಟೆಗಳಲ್ಲಿ. ಗಣಿ ಪಕ್ಕದ ಪೆದ್ದಪಲ್ಲಿಯಲ್ಲಿ ದಿಂಬಿನಾಕಾರದ ಲಾವಾ ಇದೆ. ಲಾವಾ ನೀರಿನಡಿ ಉಕ್ಕಿದರೆ ಮಾತ್ರ ಹಾಗೆ ದಿಂಬು ದಿಂಬಾಗಿ ಹೆಪ್ಪುಗಟ್ಟುತ್ತೆ. ಅಂದರೆ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕಾಯೋ ನಮ್ಮ ಜಿಲ್ಲೆ ಒಂದು ಕಾಲಕ್ಕೆ ನೀರಿನ ತಳ! ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ, ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ಹಾಗೆ. ಲಾಲ್‌ಬಾಗ್ ಬಂಡೆ ಮೇಲೆ ಸಂಜೆ ಹೊತ್ತು ಫೋಟೋ ತೆಗೆಸಿಕೊಳ್ಳೋರ ಗುಂಪಾದರೂ ಇರುತ್ತೆ. ಪೆದ್ದಪಲ್ಲಿ ಅಂದರೆ ನಮ್ಮ ಜಿಲ್ಲೆಯವರೇ ಎಲ್ಲಿದೆ ಅಂತ ಕೇಳ್ತಾರೆ.

ಇಂಥ ನೆಲದ ಮೇಲೆ ಹುಟ್ಟಿದ ಮಗು ಕಲ್ಲಿನ ಪಾಠವನ್ನು ಬಣ್ಣದ ಚಿತ್ರದಲ್ಲಿ ನೋಡಿ ಕಲೀಬೇಕಾ?

ಕೆಲವು ಶನಿವಾರಗಳಿಂದ ನಾನೂ ಇಬ್ಬರು ಗೆಳೆಯರೂ ನಮ್ಮ ಕಡೆಯ ಒಂದು ಸರ್ಕಾರಿ ಶಾಲೆಗೆ ಹೋಗಿ ಮೂರು, ನಾಲ್ಕನೇ ಕ್ಲಾಸಿನ ಮಕ್ಕಳ ಜೊತೆ ಕಲ್ಲಿನಾಟ ಆಡ್ತಿದ್ದೀವಿ. ಪಾಠ ಅಂತ ಕರೆಯೋಕೆ ನಮಗೆ ಯೋಗ್ಯತೆ ಇಲ್ಲ, ಓದಿದ್ದು ಎಂಜಿನಿಯರಿಂಗು, ಅದೂ ಕಂಪ್ಯೂಟರ್ ಸೈನ್ಸು. ಆದರೆ ಅಲ್ಲಿ ನೋಡಿದ್ದರಿಂದ ನನಗೊಂದು ವಿಷಯ ಗಟ್ಟಿಯಾಗಿದೆ. ಸಣ್ಣ ಮಕ್ಕಳಿಗೆ ಕಲ್ಲಿನ ಹೆಸರು ಕೊನೆಗೆ ಬರಬೇಕು. ಮೊದಲು ಕೈಗೆ ಕಲ್ಲು ಬರಬೇಕು, ಆಮೇಲೆ ಕಣ್ಣಿಗೆ ವ್ಯತ್ಯಾಸ, ಆಮೇಲೆ ಬಾಯಿಗೆ ಅವರದೇ ಮಾತು. ಇಷ್ಟೆಲ್ಲ ಆದ ಮೇಲೆ ಪುಸ್ತಕದ ಹೆಸರು. ನಾವು ಮಾಡ್ತಿರೋದು ತಲೆಕೆಳಗು.

ಮೊದಲ ದಿನ ಮಾಡೋ ಕೆಲಸ ತುಂಬಾ ಸುಲಭ. "ಎಲ್ಲರೂ ಹೊರಗೆ ಹೋಗಿ, ನಿಮಗಿಷ್ಟವಾದ ಐದು ಕಲ್ಲು ತನ್ನಿ." ಅಷ್ಟೇ. ಐದು ಕಲ್ಲಿನ ಆಟಕ್ಕೆ ಆರಿಸಿ ಆರಿಸಿ ಅಭ್ಯಾಸ ಆದ ಕೈಗಳವು. ಐದು ನಿಮಿಷಕ್ಕೆ ರಾಶಿ ಬಿತ್ತು. "ಈಗ ಇವನ್ನು ಜೋಡಿಸಿ, ಒಂದೇ ಥರದ್ದು ಒಂದು ಕಡೆ." ಹೇಗೆ ಜೋಡಿಸಬೇಕು ಅಂತ ಹೇಳಬಾರದು, ಗುಟ್ಟಿರೋದೇ ಅಲ್ಲಿ. ಒಬ್ಬಳು ಬಣ್ಣ ನೋಡಿ ಜೋಡಿಸಿದಳು. ಒಬ್ಬ ಗಾತ್ರ ನೋಡಿ. ಒಬ್ಬ ನುಣುಪು, ಒರಟು ಅಂತ. ಇನ್ನೊಬ್ಬ ಪುಣ್ಯಾತ್ಮ "ಲಗೋರಿಗೆ ಆಗೋದು, ಆಗದೇ ಇರೋದು" ಅಂತ ಎರಡೇ ರಾಶಿ ಮಾಡಿ ಕೈಕಟ್ಟಿ ಕೂತ! ನನಗಂತೂ ಅವನ ವರ್ಗೀಕರಣವೇ ಎಲ್ಲಕ್ಕಿಂತ ಹಿಡಿಸಿತು. ಯಾಕಂದರೆ ಲಗೋರಿಗೆ ಆಗೋ ಚಪ್ಪಟೆ ಕಲ್ಲು ಪದರ ಪದರವಾಗಿ ಒಡೆಯೋ ಜಾತಿಯದ್ದು, ಆಗದ ಗುಂಡು ಕಲ್ಲು ಹರಳುಗಳು ಕಚ್ಚಿಕೊಂಡ ಜಾತಿಯದ್ದು. ಅವನಿಗೆ ಹೆಸರು ಗೊತ್ತಿಲ್ಲ, ವಿಷಯ ಗೊತ್ತು.

ಇನ್ನೊಂದು ಆಟ, "ಇದು ಕಲ್ಲಾ, ಅಲ್ವಾ?" ಇಟ್ಟಿಗೆ ಚೂರು, ಸಿಮೆಂಟ್ ಹೆಂಟೆ, ಕಲ್ಲುಪ್ಪು, ಕಲ್ಲುಸಕ್ಕರೆ, ಕಲ್ಲಿದ್ದಲು, ಬಳಪ, ಎಲ್ಲ ಮುಂದಿಟ್ಟು ಜಗಳ ಹಚ್ಚೋದು. ಇಟ್ಟಿಗೆ ಮನುಷ್ಯ ಮಾಡಿದ್ದು, ಹಾಗಾಗಿ ಕಲ್ಲಲ್ಲ ಅಂತ ಒಂದು ಪಕ್ಷ. ಗಟ್ಟಿ ಇದೆಯಲ್ಲ, ಕಲ್ಲೇ ಅಂತ ಇನ್ನೊಂದು ಪಕ್ಷ. ಕಲ್ಲುಸಕ್ಕರೆಯ ಸಾಕ್ಷ್ಯವನ್ನು ವಿಚಾರಣೆ ಮುಗಿಯೋ ಮೊದಲೇ ಯಾರೋ ತಿಂದು ಮುಗಿಸಿರ್ತಾರೆ. ಒಬ್ಬಳು ಎದ್ದು ನಿಂತು "ಅಣ್ಣಾ, ಕಲ್ಲಂಗಡಿ?" ಅಂದಳು. ನನ್ನ ಹತ್ರ ಉತ್ತರ ಇರಲಿಲ್ಲ :-)

ನೋಡಿ, ಈ ಇಡೀ ಕೆಲಸಕ್ಕೆ ಬೇಕಾದ ಸಾಮಾನು ಅಂಗಡಿಯಲ್ಲಿ ಸಿಗಲ್ಲ, ಅಡಿಗೆಮನೆಯಲ್ಲಿ ಸಿಗುತ್ತೆ. ಬೇಕಾದ ಮಾತೂ ಕನ್ನಡದಲ್ಲೇ ಇದೆ, ಎಲ್ಲಿಂದಲೂ ತರಬೇಕಾಗಿಲ್ಲ.

ಗಡಸುತನ ಅಳೆಯೋಕೆ ಉಗುರು, ಮೊಳೆ, ಒಂದು ಗಾಜಿನ ಚೂರು ಸಾಕು. ಗಾಜಿನ ಅಂಚಿಗೆ ಟೇಪ್ ಸುತ್ತಿ, ಅದು ದೊಡ್ಡವರ ಕೈಯಲ್ಲೇ ಇರಲಿ. ಉಗುರಿನಲ್ಲಿ ಗೀರಿದರೆ ಗೆರೆ ಬಿತ್ತಾ? ಬಳಪದ ಕಲ್ಲಿಗೆ ಬೀಳುತ್ತೆ. ಬೇಲೂರು ಹಳೇಬೀಡಿನಲ್ಲಿ ಅಷ್ಟು ನಾಜೂಕಿನ ಕೆತ್ತನೆ ಮಾಡೋಕೆ ಸಾಧ್ಯವಾಗಿದ್ದು ಆ ಮೆತ್ತನೆ ಕಲ್ಲಿನಿಂದ. ಬೆಣಚುಕಲ್ಲಿಗೆ ಉಗುರೂ ಸಾಲದು, ಮೊಳೆಯೂ ಸಾಲದು. ಅದೇ ಹೋಗಿ ಗಾಜಿನ ಮೇಲೆ ಗೀರು ಹಾಕುತ್ತೆ. ಫ್ರೆಡರಿಕ್ ಮೋಸ್ ಅನ್ನೋ ಜರ್ಮನ್ ವಿಜ್ಞಾನಿ 1812ರಲ್ಲಿ ಒಂದರಿಂದ ಹತ್ತರವರೆಗೆ ಮಾಡಿದ ಅಳತೆಪಟ್ಟಿ ಇರೋದು ಇದೇ ಆಟದ ಮೇಲೆ. ಅದರಲ್ಲಿ ಬಳಪದ ಕಲ್ಲಿನ ಮುಖ್ಯ ಖನಿಜಕ್ಕೆ 1, ಬೆಣಚಿಗೆ 7. ಮಕ್ಕಳಿಗೆ ಮೋಸ್ ಹೆಸರು ಬೇಕಾಗಿಲ್ಲ. ಯಾರು ಯಾರನ್ನು ಗೀರ್ತಾರೆ ಅಂತ ಸಾಲಾಗಿ ನಿಲ್ಲಿಸೋಕೆ ಬಂದರೆ ಸಾಕು.

ಒಂದು ನಿಂಬೆಹಣ್ಣು. ಮೊಟ್ಟೆ ಸಿಪ್ಪೆ, ಸುಣ್ಣದ ಕಲ್ಲು, ಅಂಗಡಿಯಿಂದ ತಂದ ಬಳಪ, ನೆಲದ ಕಡಪಾ ಕಲ್ಲಿನ ಚೂರು, ಒಂದು ಜಲ್ಲಿ ಕಲ್ಲು ಇಟ್ಟು ಎಲ್ಲದರ ಮೇಲೂ ಎರಡೆರಡು ಹನಿ ಬಿಡೋದು. ಯಾವುದು ನೊರೆ ಕಾರುತ್ತೋ ಅದರಲ್ಲಿ ಸುಣ್ಣದ ಅಂಶ ಇದೆ. ಅಂಗಡಿಯ ಕೆಲವು ಬಳಪ ನೊರೆ ಕಾರಿದರೆ ಅದು ನಿಜವಾದ ಬಳಪದ ಕಲ್ಲಲ್ಲ ಅನ್ನೋದನ್ನು ಮಕ್ಕಳೇ ಪತ್ತೆ ಮಾಡ್ತಾರೆ.

ಅಕ್ಕಸಾಲಿಗರ ಒರೆಗಲ್ಲು ಗೊತ್ತಲ್ಲ. "ಒರೆಗೆ ಹಚ್ಚೋದು" ಅಂತ ನಾವು ದಿನಾ ಬಳಸೋ ಮಾತು ಬಂದಿರೋದು ಅದರಿಂದ. ಟೈಲ್ಸಿನ ಹಿಂಬದಿಯ ಒರಟು ಮೈ ಇದ್ದರೆ ಅದೇ ನಮ್ಮ ಒರೆಗಲ್ಲು. ಹಿತ್ತಾಳೆ ಬಣ್ಣಕ್ಕೆ ಫಳಫಳ ಅನ್ನೋ ಪೈರೈಟ್ ಅನ್ನೋ ಖನಿಜ ಇದೆ, ಚಿನ್ನ ಅಂತ ಎಷ್ಟೋ ಜನರನ್ನು ಏಮಾರಿಸಿರೋದು. ಅದನ್ನು ಟೈಲ್ ಮೇಲೆ ಉಜ್ಜಿದರೆ ಹಸಿರು ಮಿಶ್ರಿತ ಕಪ್ಪು ಗೆರೆ ಬರುತ್ತೆ. ಚಿನ್ನ ಉಜ್ಜಿದರೆ ಹಳದಿಯೇ ಬರುತ್ತೆ. ಹೊಳೆಯೋದೆಲ್ಲ ಚಿನ್ನ ಅಲ್ಲ ಅನ್ನೋದನ್ನು ನೀತಿಪಾಠದಲ್ಲಿ ಹೇಳೋದಕ್ಕಿಂತ ಹೀಗೆ ತೋರಿಸೋದು ಉತ್ತಮ, ಅಲ್ವಾ? ಇನ್ನು ತೆಳು ಹಾಳೆ ಹಾಳೆಯಾಗಿ ಏಳೋ ಅಭ್ರಕಕ್ಕೆ ಕನ್ನಡದಲ್ಲಿ ಕಾಗೆಬಂಗಾರ ಅಂತಲೇ ಹೆಸರಿದೆ. ಇದಕ್ಕಿಂತ ಚೆಂದದ ವೈಜ್ಞಾನಿಕ ಪದ ಯಾವ ಪುಸ್ತಕದಲ್ಲಿದೆ?

ಅಕ್ಕಿ ಜಾಲಿಸೋದನ್ನು ನೋಡದ ಮಗು ನಮ್ಮ ಕಡೆ ಇಲ್ಲ. ಪಾತ್ರೆ ಅಲ್ಲಾಡಿಸಿ ನೀರಿನ ಜೊತೆ ಅಕ್ಕಿ ಬಗ್ಗಿಸಿದರೆ ತಳದಲ್ಲಿ ಕಲ್ಲು ಉಳಿಯುತ್ತೆ, ಕಲ್ಲು ತೂಕ ಅಂತ. ಹೊಳೆ ಮರಳಿನಿಂದ ಚಿನ್ನ ತೆಗೀತಿದ್ದ ಜಲಗಾರರ ಕೆಲಸವೂ ಇಷ್ಟೇ. ವ್ಯತ್ಯಾಸ ಏನಂದರೆ ಅಮ್ಮ ತಳದಲ್ಲಿ ಉಳಿದದ್ದನ್ನು ಎಸೀತಾಳೆ, ಜಲಗಾರ ಅದನ್ನೇ ಇಟ್ಟುಕೊಳ್ತಾನೆ. ಮರಳಿಗೆ ಒಂದಿಷ್ಟು ಕಬ್ಬಿಣದ ಪುಡಿ ಬೆರೆಸಿ ಊಟದ ತಟ್ಟೆಯಲ್ಲಿ ಜಾಲಿಸೋಕೆ ಬಿಟ್ಟರೆ ಮಕ್ಕಳು ಒಂದು ಗಂಟೆ ತಲೆ ಎತ್ತಲ್ಲ.

ಈ ಎಲ್ಲದರಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ್ದು ಇನ್ನೊಂದು ವಿಷಯ. ಯಾವ ಕ್ಲಾಸಿನಲ್ಲೂ ಹಿಂದಿನ ಸಾಲು ಅಂತ ಒಂದಿರುತ್ತೆ. ಆ ಸಾಲಿನಲ್ಲಿ ಕಲ್ಲುಕುಟಿಗರ ಮಕ್ಕಳಿದ್ದಾರೆ. ನಮ್ಮ ಜಿಲ್ಲೆಯ ಬೇಲಿಗಳನ್ನು ನೋಡಿ, ಕಲ್ಲುಕಂಬ. ಹಳೇ ಮನೆಗಳ ಸೂರು ನೋಡಿ, ಕಲ್ಲು ಚಪ್ಪಡಿ. ಅದನ್ನೆಲ್ಲ ಎಬ್ಬಿಸಿದ ಕೈಗಳಿಗೆ ಬಂಡೆ ಯಾವ ಕಡೆಗೆ ಸೀಳುತ್ತೆ, ಎಲ್ಲಿ ಸಾಲಾಗಿ ತೂತು ಹೊಡೆದು ಬೆಣೆ ಬಡಿದರೆ ನೆಟ್ಟಗೆ ಒಡೆಯುತ್ತೆ, ಎಷ್ಟು ಹೊತ್ತು ಬೆಂಕಿ ಹಾಕಿದರೆ ಪದರ ಏಳುತ್ತೆ ಅನ್ನೋದು ಗೊತ್ತು. ಅದು ಅಪ್ಪಟ ಭೂವಿಜ್ಞಾನ. ಆದರೆ ಶಾಲೆಯಲ್ಲಿ ಅದಕ್ಕೆ ಅಂಕ ಇಲ್ಲ. ಅಪ್ಪನ ಕೆಲಸ ಏನು ಅಂತ ಕೇಳಿದರೆ ಆ ಮಗು ತಲೆ ತಗ್ಗಿಸುತ್ತೆ. ಒಂದು ಶನಿವಾರ ಕಲ್ಲಿನ ಚೂರು ಹಿಡಿದು "ಇದು ಯಾವ ಕಡೆಗೆ ಒಡೆಯುತ್ತೆ?" ಅಂತ ಕೇಳಿದಾಗ ಸಾಧಾರಣವಾಗಿ ಬಾಯೇ ಬಿಡದ ಒಬ್ಬ ಹುಡುಗ ಮುಂದೆ ಬಂದು ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿ ಬೆರಳಲ್ಲಿ ಒಂದು ಗೆರೆ ಎಳೆದ. ಮೇಷ್ಟ್ರು ಆ ಗೆರೆ ಮೇಲೆ ಉಳಿ ಇಟ್ಟು ಹೊಡೆದರು. ಸರಿಯಾಗಿ ಅಲ್ಲೇ ಸೀಳಿತು. ಇಡೀ ಕ್ಲಾಸು ಅವನನ್ನು ನೋಡಿದ ರೀತಿ ಇದೆಯಲ್ಲ... ಅದನ್ನು ಯಾವ ಸ್ಮಾರ್ಟ್‌ಬೋರ್ಡ್ ಕೊಡುತ್ತೆ ಹೇಳಿ?

ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ತಲೆತಲಾಂತರದಿಂದ ಶಿಲ್ಪ ಕೆತ್ತೋ ಮನೆಗಳಿವೆ. ಯಾವ ಕಲ್ಲು ಉಳಿಗೆ ಬಗ್ಗುತ್ತೆ, ಯಾವುದು ಬಗ್ಗಲ್ಲ ಅನ್ನೋದನ್ನು ತಟ್ಟಿ ಸದ್ದು ಕೇಳಿ ಹೇಳ್ತಾರೆ. ಶಾಲಾ ಪ್ರವಾಸ ಅಂದರೆ ವಾಟರ್ ಪಾರ್ಕಿಗೇ ಹೋಗಬೇಕು ಅಂತ ಎಲ್ಲಿ ಬರೆದಿದೆ?

ಭಾಷೆಯ ಮಾತೂ ಇದೆ. ಗಣಿ ಕೆಲಸಕ್ಕೆ ಅಂತ ತಮಿಳು, ತೆಲುಗು ಸೀಮೆಗಳಿಂದ ಬಂದು ನೆಲೆನಿಂತವರ ಮಕ್ಕಳು, ಮೊಮ್ಮಕ್ಕಳು ಕೆಜಿಎಫ್ ತುಂಬ ಇದ್ದಾರೆ. ಕನ್ನಡದ ಪಠ್ಯ ಅವರಿಗೆ ಮನೆಮಾತಲ್ಲ. ಅಂಥ ಮಗುವಿಗೆ 'ರೂಪಾಂತರ ಶಿಲೆ' ಅನ್ನೋದು ಎರಡು ಪಟ್ಟು ದೂರ. ಆದರೆ ಕಲ್ಲು ಕೈಯಲ್ಲಿದ್ದಾಗ ಒಂದು ಮಗು ಕಲ್ಲು ಅನ್ನುತ್ತೆ, ಒಂದು ಕಲ್ ಅನ್ನುತ್ತೆ, ಇನ್ನೊಂದು ರಾಯಿ ಅನ್ನುತ್ತೆ, ಮೂವರಿಗೂ ಒಂದೇ ತೂಕ. ಆ ಕಲ್ಲಿನ ನೆಪದಲ್ಲಿ ನುಣುಪು, ಒರಟು, ಗಡಸು, ಪದರ, ಹರಳು ಅಂತ ಹತ್ತಾರು ಕನ್ನಡ ಪದ ತಾವಾಗಿ ನಾಲಿಗೆಗೆ ಬರುತ್ತವೆ. ಕನ್ನಡ ಕಲಿಸಬೇಕು ಅಂತ ನಾವೆಲ್ಲ ಇಲ್ಲಿ ಪುಟಗಟ್ಟಲೆ ಬರೀತೀವಲ್ಲ, ಕಲಿಸೋ ದಾರಿ ಹೀಗೂ ಇದೆ.

ಸ್ವಲ್ಪ ಲೆಕ್ಕ. ಗಣಿ ಮುಚ್ಚೋ ಹೊತ್ತಿಗೆ ಒಂದು ಟನ್ ಅದಿರಿಗೆ ಸುಮಾರು 3 ಗ್ರಾಂ ಚಿನ್ನ ಸಿಗ್ತಿತ್ತು. ಹಾಗಾದರೆ 3 ಗ್ರಾಮಿನ ಉಂಗುರಕ್ಕೆ ಎಷ್ಟು ಕಲ್ಲು? ಸಾವಿರ ಕೆಜಿ. ನಾಲ್ಕನೇ ಕ್ಲಾಸಿನ ಮಗು 25 ಕೆಜಿ ಅಂದುಕೊಂಡರೆ 40 ಮಕ್ಕಳ ತೂಕ! ಒಂದು ಉಂಗುರಕ್ಕೆ ಇಡೀ ಕ್ಲಾಸಿನಷ್ಟು ಕಲ್ಲು. ಈ ಲೆಕ್ಕ ಮಾಡಿದ ಮಗುವಿಗೆ ಗಣಿ ಯಾಕೆ ಮುಚ್ಚಿತು ಅನ್ನೋದು ಯಾರೂ ಹೇಳದೆ ಅರ್ಧ ಅರ್ಥ ಆಗುತ್ತೆ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳ ಇಳಿದಿತ್ತು, ಅಲ್ಲಿ ಕಲ್ಲಿನ ಬಿಸಿಯೇ 60 ಡಿಗ್ರಿ ದಾಟಿತ್ತು ಅಂದರೆ ಉಳಿದರ್ಧವೂ ಆಗುತ್ತೆ. ತಾತ ಯಾವ ಬಿಸಿಯಲ್ಲಿ ನಿಂತು ದುಡಿದ ಅನ್ನೋದೂ ಜೊತೆಗೆ ಗೊತ್ತಾಗುತ್ತೆ.

ಕಾಲದ ಪಾಠಕ್ಕೆ ಒಂದು ಹಳೇ ಸೀರೆ ಸಾಕು. ಭೂಮಿಗೆ ಸುಮಾರು 454 ಕೋಟಿ ವರ್ಷ. ಒಂದು ಸೆಂಟಿಮೀಟರಿಗೆ ಒಂದು ಕೋಟಿ ವರ್ಷ ಅಂತ ಹಿಡಿದರೆ ಸೀರೆಯ ಮೇಲೆ ನಾಲ್ಕೂವರೆ ಮೀಟರಿಗೆ ಸ್ವಲ್ಪ ಹೆಚ್ಚು. ಸೆರಗಿನ ತುದಿ ಇವತ್ತು. ಅಲ್ಲಿಂದ ಹಿಂದಕ್ಕೆ ಆರೂವರೆ ಸೆಂಟಿಮೀಟರಿಗೆ ಡೈನೋಸಾರ್ ಕಥೆ ಮುಗಿದದ್ದು. ಕೋಲಾರದ ಲಾವಾ ಉಕ್ಕಿದ್ದು 2 ಮೀಟರ್ 70 ಸೆಂಟಿಮೀಟರ್ ದೂರದಲ್ಲಿ, ಸೀರೆಯ ಅರ್ಧಕ್ಕಿಂತ ಆಚೆ. ಮನುಷ್ಯ ಬಂದದ್ದು ಕೊನೆಯ ದಾರದ ಎಳೆಯಲ್ಲಿ, ಒಂದು ಮಿಲಿಮೀಟರಿನ ಮೂರನೇ ಒಂದು ಭಾಗವೂ ಇಲ್ಲ. ನಮ್ಮ 120 ವರ್ಷದ ಗಣಿ ಆ ಸೀರೆಯಲ್ಲಿ ಕಣ್ಣಿಗೇ ಕಾಣಲ್ಲ. ಹಿಂದಿನಿಂದ ಒಂದು ಮಗು ಮೆಲ್ಲಗೆ "ಅಷ್ಟು ದಿನ ಇದ್ದದ್ದನ್ನ ಇಷ್ಟು ಬೇಗ ತೆಗೆದುಬಿಟ್ರಾ?" ಅಂತ ಕೇಳಿತು. ಪರಿಸರ ಅಧ್ಯಯನದ ಪಾಠ ಇದಕ್ಕಿಂತ ಇನ್ನೇನು ಹೇಳಬೇಕು?

ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತೆ. 'ಮುಟ್ಟಿ ಕಲಿ' ಅಂತ ನಾನು ಇಷ್ಟೆಲ್ಲ ಹೇಳಿದ್ದು ಎಲ್ಲ ಕಲ್ಲಿಗೂ ಅಲ್ಲ. ಕೆಜಿಎಫ್‌ಗೆ ಹೋದವರಿಗೆ ಆ ಬೂದು ಗುಡ್ಡಗಳು ಗೊತ್ತು, ಸೈನೈಡ್ ದಿಬ್ಬ ಅಂತಾರೆ. ಅದಿರನ್ನು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿ ಅದು. ಅಂಥ 13 ಗುಡ್ಡಗಳಲ್ಲಿ ಸುಮಾರು 3 ಕೋಟಿ 30 ಲಕ್ಷ ಟನ್ ಇದೆ. ಅದರಲ್ಲಿ ಉಳಿದಿರೋ ಚಿನ್ನವನ್ನು ತೆಗೆಯೋ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಸಿನಿಮಾದವರಿಗೆ ಆ ಗುಡ್ಡ ಮರುಭೂಮಿ. ಮಕ್ಕಳಿಗೆ ಜಾರುಬಂಡೆ. ಬೇಸಿಗೆ ಗಾಳಿಗೆ ಆ ಧೂಳು ಪಕ್ಕದ ಲೈನ್ ಮನೆಗಳ ಒಳಗೆ ಬರುತ್ತೆ.

ಆ ಗುಡ್ಡದಿಂದ ಒಂದು ಹಿಡಿಯೂ ಕ್ಲಾಸಿಗೆ ತರಬಾರದು. ಹಾಗೆಯೇ ಬೆಣಚುಕಲ್ಲನ್ನು ಒಣಗಿದ್ದಾಗ ಕುಟ್ಟಿ ಪುಡಿ ಮಾಡೋ ಆಟ ಯಾವ ಕಾರಣಕ್ಕೂ ಬೇಡ. ಉಳಿ ಸುತ್ತಿಗೆ ಹಿಡಿಯೋದು ದೊಡ್ಡವರೇ, ಅದೂ ಬಯಲಲ್ಲಿ, ಕಲ್ಲಿನ ಮೇಲೆ ಒದ್ದೆ ಗೋಣಿ ಹಾಕಿ, ಮಕ್ಕಳು ಹತ್ತು ಹೆಜ್ಜೆ ದೂರ. ಯಾಕೆ ಅಂತ ಕೆಜಿಎಫ್‌ನ ಮಗುವಿಗೆ ಹೇಳೋದು ಕಷ್ಟವಲ್ಲ. ಬೆಣಚಿನ ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತು ಬರೋ ಸಿಲಿಕೋಸಿಸ್ ಎಷ್ಟು ಮನೆಗಳ ತಾತಂದಿರನ್ನು ಕೆಮ್ಮಿಸಿ ಕೆಮ್ಮಿಸಿ ಮುಗಿಸಿದೆ ಅನ್ನೋದನ್ನು ಲೈನ್ ಮನೆಗಳಲ್ಲಿ ಕೇಳಿದರೆ ಗೊತ್ತಾಗುತ್ತೆ. 1940ರ ದಶಕದಲ್ಲೇ ಇಲ್ಲಿನ ಕಾರ್ಮಿಕರಲ್ಲಿ ಅದರ ತಪಾಸಣೆ ನಡೆದಿತ್ತು. ಕಲ್ಲಿನ ಪಾಠದಲ್ಲಿ ಇದೂ ಬರಬೇಕು. ಯಾವುದನ್ನು ಮುಟ್ಟಬಹುದು, ಯಾವುದನ್ನು ದೂರದಿಂದ ನೋಡಬೇಕು ಅಂತ ಗೊತ್ತಿರೋದೇ ತಿಳಿವಳಿಕೆ. ಆ ಗುಡ್ಡ ಏನು ಅಂತ ಗೊತ್ತಿಲ್ಲದ ಮಗು ಅದರ ಮೇಲೆ ಜಾರುತ್ತೆ. ಗೊತ್ತಿರೋ ಮಗು ಜಾರಲ್ಲ. ನಾಳೆ ದೊಡ್ಡದಾದ ಮೇಲೆ ಅದರ ಬಗ್ಗೆ ಪ್ರಶ್ನೆಯನ್ನೂ ಕೇಳುತ್ತೆ. ನನಗೆ ಈ ವಿಷಯದಲ್ಲಿ ಇಷ್ಟು ಹಠ ಇರೋದು ಮುಖ್ಯವಾಗಿ ಇದಕ್ಕೇ.

ಇನ್ನು ಆಕ್ಷೇಪಣೆಗಳು.

ಮೊದಲನೆಯದು ತಂದೆತಾಯಿಯರದ್ದು. "ಕಲ್ಲು ಹೊರೋದು ಬೇಡ ಅಂತಲೇ ಶಾಲೆಗೆ ಕಳ್ಸಿದ್ದು ಸಾರ್, ನೀವು ಅಲ್ಲೂ ಕಲ್ಲೇ ಕೊಡ್ತೀರಲ್ಲ? ಇಂಗ್ಲಿಷ್ ಕಲ್ಸಿ, ಕಂಪ್ಯೂಟರ್ ಕಲ್ಸಿ." ಈ ಮಾತಿಗೆ ನಗಬಾರದು, ಅದರಲ್ಲಿ ಒಂದು ತಲೆಮಾರಿನ ನೋವಿದೆ. ದಿನಾ ಮಾರಿಕುಪ್ಪಂ, ಬಂಗಾರಪೇಟೆ ಕಡೆಯಿಂದ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗಿ ಬರೋರು ಅವರು. ಆದರೆ ಕಂಪ್ಯೂಟರ್ ಕೆಲಸದಿಂದಲೇ ಹೊಟ್ಟೆ ಹೊರೆಯೋನಾಗಿ ನಾನು ಹೇಳ್ತೀನಿ, ನನ್ನ ಕೆಲಸದಲ್ಲಿ ನಿಜವಾಗಿ ಬೇಕಾಗೋದು ಎರಡು. ಎದುರಿಗಿರೋದನ್ನು ಸರಿಯಾಗಿ ನೋಡೋದು, ಇದ್ಯಾಕೆ ಹೀಗೆ ಅಂತ ಅನುಮಾನ ಪಡೋದು. ಅವೆರಡನ್ನೂ ಎಂಟು ವರ್ಷದ ಮಗು ಒಂದು ಕಲ್ಲಿನಿಂದ ಕಲಿಯಬಹುದು. ಟೈಪಿಂಗ್ ಆಮೇಲೆ ಬರುತ್ತೆ.

ಎರಡನೆಯದು ಮೇಷ್ಟ್ರುಗಳದ್ದು. ಸಮಯ ಎಲ್ಲಿದೆ? ಮೊಟ್ಟೆ ಲೆಕ್ಕ, ಹಾಲಿನ ಲೆಕ್ಕ, ಚುನಾವಣೆ ಕೆಲಸ, ಗಣತಿ ಕೆಲಸ, ಇದರ ಮಧ್ಯೆ ಒಬ್ಬರೇ ಎರಡು ಮೂರು ಕ್ಲಾಸ್ ನೋಡ್ಕೋಬೇಕು. ನೂರಕ್ಕೆ ನೂರು ನಿಜ. ಆದರೆ ಚಟುವಟಿಕೆಯಿಂದ ಕಲಿಸೋದು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಸರ್ಕಾರಿ ಮೇಷ್ಟ್ರುಗಳೇ ಕಟ್ಟಿದ ನಲಿ ಕಲಿ, 2009ರ ಹೊತ್ತಿಗೆ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು. ಒಂದೇ ಕೋಣೆಯಲ್ಲಿ ಹಲವು ಕ್ಲಾಸಿನ ಮಕ್ಕಳನ್ನು ಗುಂಪಾಗಿ ಕೂರಿಸಿ ಕಲಿಸೋದು ಅದರ ಜೀವಾಳ. ಕಲ್ಲಿನಾಟ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮಕ್ಕಳು ಜೋಡಿಸ್ತಾ ಕೂತರೆ ಮೇಷ್ಟ್ರಿಗೆ ಉಸಿರಾಡೋಕೆ ಅರ್ಧ ಗಂಟೆ ಸಿಗುತ್ತೆ!

ಮೂರನೆಯದು ನಮ್ಮಂಥವರ ಕಡೆಯಿಂದ ಬರೋದು, ದುಡ್ಡಿನ ಕಡೆಯಿಂದ. "ಕಿಟ್ ಕೊಡಿಸೋಣ." ಒಂದು ಶಾಲೆಯಲ್ಲಿ ಅಂಥ ಪೆಟ್ಟಿಗೆ ನೋಡಿದೆ. ಯಾರೋ ದಾನ ಕೊಟ್ಟದ್ದು. ವೆಲ್ವೆಟ್ ಬಟ್ಟೆ ಹಾಸಿ, ನಂಬರ್ ಅಂಟಿಸಿ ಇಪ್ಪತ್ತನಾಲ್ಕು ಕಲ್ಲಿನ ಚೂರು. ಕಳೆದುಹೋದರೆ ಯಾರು ಲೆಕ್ಕ ಕೊಡೋದು ಅನ್ನೋ ಹೆದರಿಕೆಗೆ ಬೀರುವಿನಲ್ಲಿ ಭದ್ರ. ಬೀಗದ ಕೈ ಹೆಡ್‌ಮಾಸ್ಟರ ಜೇಬಲ್ಲಿ. ಪಾಪ, ಅವರದ್ದೇನೂ ತಪ್ಪಿಲ್ಲ, ರಿಜಿಸ್ಟರಿನಲ್ಲಿ ಬರೆದ ವಸ್ತುವಿಗೆ ಸರ್ಕಾರಿ ಶಾಲೆಯಲ್ಲಿ ಅದೇ ಗತಿ. ಶಾಲೆ ಹೊರಗೆ ಬಿದ್ದಿರೋ ಕಲ್ಲಿಗೆ ರಿಜಿಸ್ಟರ್ ಇಲ್ಲ. ಕಳೆದರೆ ಇನ್ನೊಂದು. ಅದರ ದೊಡ್ಡ ಗುಣವೇ ಅದು.

ಹಾಗಂತ ಹೊರಗಿನವರ ಸಹಾಯ ಬೇಡ ಅಂತಲ್ಲ. ಗಡಿಯಾಚೆ ಕುಪ್ಪಂ ಪಕ್ಕ ಅಗಸ್ತ್ಯ ಫೌಂಡೇಶನ್ ಇದೆ, 1999ರಲ್ಲಿ ಶುರುವಾದದ್ದು. 172 ಎಕರೆಯ ಕ್ಯಾಂಪಸ್ ಮಾಡಿ, ವ್ಯಾನಿನಲ್ಲಿ ವಿಜ್ಞಾನದ ಸಾಮಾನು ಹೇರಿಕೊಂಡು ಸರ್ಕಾರಿ ಶಾಲೆಗಳ ಬಾಗಿಲಿಗೇ ಹೋಗ್ತಾರೆ. ಮಕ್ಕಳು ಮುಟ್ಟಿ, ಮುರಿದು ಕಲಿಯೋದಕ್ಕೆ ಅಲ್ಲಿ ಬೈಗುಳ ಇಲ್ಲ. ಕಲ್ಲಿನ ಒತ್ತಡ, ಸಿಡಿತಗಳನ್ನು ಓದೋ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಹುಟ್ಟಿದ್ದು ಕೆಜಿಎಫ್‌ನಲ್ಲೇ. 1965ರಲ್ಲಿ ಇಲ್ಲಿನ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಕಲ್ಲನ್ನೇ ಜರಡಿ ಮಾಡಿಕೊಂಡು, ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋ ಅನ್ನೋ ಕಣದ ಗುರುತು ಹಿಡಿದರು. ಇಷ್ಟೆಲ್ಲ ಇರೋ ಊರಿನಲ್ಲಿ ನಿವೃತ್ತ ಗಣಿ ಕಾರ್ಮಿಕರು ಇನ್ನೂ ಇದ್ದಾರೆ. ವರ್ಷಕ್ಕೊಂದು ಸಲ ಅವರಲ್ಲಿ ಒಬ್ಬರನ್ನು ಕ್ಲಾಸಿಗೆ ಕರೆದು ಕೂರಿಸಿ, ಕೈಗೆ ಒಂದು ಕಲ್ಲು ಕೊಟ್ಟು "ತಾತಾ, ಇದೇನು ಹೇಳಿ" ಅಂದರೆ ಸಾಕು. ಇದಕ್ಕೆ ಆಯವ್ಯಯದಲ್ಲಿ ಹಣ ಇಡಬೇಕಾಗಿಲ್ಲ, ಒಂದು ಲೋಟ ಟೀ ಖರ್ಚು. ಆದರೆ ಬೇಗ ಮಾಡಬೇಕು, ಗಣಿ ಮುಚ್ಚಿ ಕಾಲು ಶತಮಾನ ಆಗಿಹೋಯಿತು.

ನನ್ನ ಬೇಡಿಕೆ ಬಹಳ ಚಿಕ್ಕದು. ಹದಿನೈದು ದಿನಕ್ಕೊಂದು ಗಂಟೆ. ಒಂದು ಮೊಳೆ, ಒಂದು ನಿಂಬೆಹಣ್ಣು, ಒಂದು ಹಳೇ ಟೈಲು, ಒಂದು ಹಳೇ ಸೀರೆ. ಕ್ಲಾಸಿನ ಮೂಲೆಯಲ್ಲಿ ಬೀಗ ಇಲ್ಲದ ಒಂದು ರಟ್ಟಿನ ಡಬ್ಬಿ, ಅದರಲ್ಲಿ ಮಕ್ಕಳು ತಂದ ಕಲ್ಲು, ಪಕ್ಕದಲ್ಲಿ ಒಂದು ನೋಟ್‌ಬುಕ್: ಯಾರು ತಂದರು, ಎಲ್ಲಿ ಸಿಕ್ಕಿತು, ಹೇಗಿದೆ. ಐದನೇ ಕ್ಲಾಸ್ ದಾಟೋ ಹೊತ್ತಿಗೆ ಆ ನೋಟ್‌ಬುಕ್ಕೇ ಊರಿನ ಭೂವಿಜ್ಞಾನದ ನಕ್ಷೆ ಆಗಿರುತ್ತೆ. ಆಮೇಲೆ ಎಂಟನೇ ಕ್ಲಾಸಿನಲ್ಲಿ ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ಅಂತ ಮೇಷ್ಟ್ರು ಬೋರ್ಡ್ ಮೇಲೆ ಬರೆದಾಗ "ಓ, ಅದಾ! ನಮಗೆ ಗೊತ್ತು" ಅನ್ನುತ್ತೆ ಮಗು.

ನಿಮ್ಮೂರಿನ ಕಲ್ಲು ಯಾವುದು? ಮಲೆನಾಡು, ಕರಾವಳಿಯವರಿಗೆ ಜಂಬಿಟ್ಟಿಗೆ ಇದೆ. ಬಾದಾಮಿ ಕಡೆಯವರಿಗೆ ಕೆಂಪು ಮರಳುಗಲ್ಲು, ಕಲಬುರಗಿಯವರಿಗೆ ಶಹಾಬಾದ್ ಕಲ್ಲು. ಮಲ್ಪೆ ಪಕ್ಕದ ಸೇಂಟ್ ಮೇರೀಸ್ ದ್ವೀಪದಲ್ಲಂತೂ ಕಲ್ಲೇ ಕಂಬ ಕಂಬವಾಗಿ ನಿಂತಿದೆ. ಚಿಕ್ಕವರಿದ್ದಾಗ ನಿಮಗೆ ಅದನ್ನು ಯಾರಾದರೂ ಕೈಗೆ ಕೊಟ್ಟು ತೋರಿಸಿದ್ರಾ? ಈಗ ನಿಮ್ಮ ಮನೆಯ ಮಗುವಿಗೆ ನೀವು ತೋರಿಸಿದ್ದೀರಾ? ಬರೆದು ತಿಳಿಸಿ. ಮೇಷ್ಟ್ರುಗಳು ಯಾರಾದರೂ ಓದ್ತಿದ್ದರೆ, ನಾನು ಬರೆದದ್ದರಲ್ಲಿ ಯಾವುದು ಕ್ಲಾಸಿನಲ್ಲಿ ನಡೆಯೋಲ್ಲ ಅನ್ನೋದನ್ನು ಮುಲಾಜಿಲ್ಲದೆ ಹೇಳಿ. ಮುಂದಿನ ಶನಿವಾರಕ್ಕೆ ಉಪಯೋಗ ಆಗುತ್ತೆ.

ಮತ್ತೆ ಆ ಕಲ್ಲಂಗಡಿ ಪ್ರಶ್ನೆಗೆ ಒಳ್ಳೇ ಉತ್ತರ ಗೊತ್ತಿರೋರು ದಯವಿಟ್ಟು ಕಳಿಸಿ. ಆ ಹುಡುಗಿ ಇನ್ನೂ ಕಾಯ್ತಿದ್ದಾಳೆ :-)